ಹಿಟ್ಟು ಬಂದರೆ ಓಡಿಸು, ನುಚ್ಚು ಬಂದರೆ ಬಿಚ್ಚು

ಮೋಟಾರು ರಿಪೇರಿಯ ಮೇಸ್ತ್ರಿ ತೀರಿಕೊಂಡರು ಎಂದು ನನಗೆ ಹೇಳಿದವನು ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಒಬ್ಬ ಹಳೆಯ ಕಂಡಕ್ಟರ್. ಅಷ್ಟು ಹೇಳಿ ಅವನು ಸುಮ್ಮನಾಗಿದ್ದರೆ ನಾನೂ ಸಂಕಟಪಟ್ಟುಕೊಂಡು ಮನೆಗೆ ಬರುತ್ತಿದ್ದೆ. ಆದರೆ ಅವನು ಬೀಡಿ ಹಚ್ಚಿಕೊಂಡು ಮಾತು ಮುಂದುವರಿಸಿದ.

"ಒಳ್ಳೇ ಕೆಲ್ಸಗಾರ ಕಣಣ್ಣ. ಆದ್ರೆ ಯಾರ ಜೊತೇಲೂ ಒಂದ್ಕಂಡ್ ಓಗ್ನಿಲ್ಲ. ವಸಿ ತಗ್ಗಿ ಬಗ್ಗಿ ನಡೆದಿದ್ರೆ ಮಂಡ್ಯದಲ್ಲಿ ದೊಡ್ಡ ಗ್ಯಾರೇಜು ಮಡಗ್ಬೋದಾಗಿತ್ತು."

ನನಗೆ ಅಲ್ಲೇ ಸಿಟ್ಟು ಬಂತು. ಮೇಸ್ತ್ರಿ ಹೊಂದಿಕೊಂಡು ಹೋಗಿದ್ದರೆ ದೊಡ್ಡ ಗ್ಯಾರೇಜು ಇರುತ್ತಿತ್ತು, ಒಪ್ಪಿದೆ. ಆಗ ನಾನು ಎಲ್ಲಿರುತ್ತಿದ್ದೆ? ಇದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಿಯೇ ತೀರುತ್ತೇನೆ ಎಂದು ಕಾಗದ ಹಿಡಿದು ಕೂತಿದ್ದೇನೆ. ಮಿಡ್ಲ್ ಸ್ಕೂಲು ಮುಗಿಸಿ ಸ್ಟೇರಿಂಗು ಹಿಡಿದವನು ನಾನು. ಬರವಣಿಗೆ ಎಡವಿದರೆ ಓದುವವರು ಸಹಿಸಿಕೊಳ್ಳಬೇಕು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಶೆಡ್ಡಿನ ಮುಂದೆ ಒಂದು ಬೋರ್ಡು ಹಾಕಿಸಿ ಎಂದು ಯಾರಾದರೂ ಹೇಳಿದರೆ, "ಎಸ್ರು ನೋಡಿ ಬರೋನು ನಂಗ್ಯಾಕೆ? ಕೆಲ್ಸ ನೋಡಿ ಬರ್ಲಿ" ಅನ್ನುತ್ತಿದ್ದರು. ಬದುಕಿದ್ದಾಗ ಹಲಗೆಯ ಮೇಲೆ ಬರೆಸದ ಹೆಸರನ್ನು ಸತ್ತ ಮೇಲೆ ನಾನು ಯಾಕೆ ಬರೆಯಲಿ. ಮಳವಳ್ಳಿಯಿಂದ ಮಂಡ್ಯದವರೆಗೆ ಮೋಟಾರು ಇಟ್ಟವರಿಗೆಲ್ಲ ಅವರು ಬರೀ ಮೇಸ್ತ್ರಿ. ಊರಿಗೆ ಹತ್ತು ಮೇಸ್ತ್ರಿಗಳಿದ್ದರೂ 'ಮೇಸ್ತ್ರಿ ಏನಂದ?' ಎಂದು ಕೇಳಿದರೆ ಅದು ಇವರನ್ನೇ.

ಮಂಡ್ಯ ಜಿಲ್ಲೆಯಾದ ವರ್ಷ ನಾನು ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿಗೆ ಡ್ರೈವರಾಗಿ ಸೇರಿದೆ. ಬಸ್ಸಿನ ಮಾಲೀಕರು ಮಳವಳ್ಳಿಯ ಒಬ್ಬ ಗೌಡರು. ಗದ್ದೆ, ಕಬ್ಬು, ಎಂಟು ಜೊತೆ ಎತ್ತು, ಅದರ ಜೊತೆಗೆ ಈ ಬಸ್ಸು ಮತ್ತು ಸ್ವಂತಕ್ಕೊಂದು ಕಾರು. ಅವರ ಮನೆಯಿಂದ ಸ್ವಲ್ಪ ದೂರದಲ್ಲಿ ಅವರದೇ ಒಂದು ಖಾಲಿ ಜಾಗವಿತ್ತು. ಅದರಲ್ಲಿ ತಗಡು ಹೊದಿಸಿಕೊಂಡು ಮೇಸ್ತ್ರಿ ಕೆಲಸ ಮಾಡುತ್ತಿದ್ದರು. ಬಾಡಿಗೆಗೆ ಬದಲು ಗೌಡರ ಬಸ್ಸು ಕಾರು ನೋಡಿಕೊಳ್ಳಬೇಕು ಎಂಬ ಮಾತಾಗಿತ್ತು.

ಮೊದಲ ದಿನ ನಾನು ಹೋದಾಗ ಶೆಡ್ಡಿನೊಳಗೆ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಮೇಲೆ ಹಪ್ಪಳ ಒಣಗಿಸಿದ ಹಾಗೆ ಹಳೆಯ ಪತ್ರಿಕೆಯ ಚೂರುಗಳು. ಒಂದೊಂದರ ಮೇಲೂ ಒಂದೊಂದು ತೊಟ್ಟು ಕರೀ ಎಣ್ಣೆ. ಬಸ್ಸುಗಳಿಂದ, ಕಾರುಗಳಿಂದ ಇಳಿಸಿದ ಎಣ್ಣೆ ಅದು. ತೊಟ್ಟು ಕಾಗದದಲ್ಲಿ ಹರಡಿ, ನಡುವೆ ಕಪ್ಪು, ಸುತ್ತ ಕಂದು, ಅಂಚಿನಲ್ಲಿ ತೆಳ್ಳನೆಯ ಬಳೆ ಆಗಿತ್ತು. ಮೇಸ್ತ್ರಿ ಬೆಳಕಿಗೆ ಹಿಡಿದು ಒಂದೊಂದನ್ನೇ ಓದುತ್ತಿದ್ದರು. ಪತ್ರಿಕೆಯಲ್ಲಿ ಅಚ್ಚಾಗಿದ್ದ ಸುದ್ದಿಯನ್ನು ಅವರು ಓದಿದ್ದನ್ನು ನಾನು ಕಂಡಿಲ್ಲ.

ಓದುವುದೆಂದರೆ ಹೀಗೆ. ತೊಟ್ಟಿನ ನಡುವೆ ಕಪ್ಪು ಗಟ್ಟಿಯಾಗಿ ಕೂತಿದ್ದರೆ ಎಣ್ಣೆಗೆ ವಯಸ್ಸಾಯಿತು. ಅಂಚು ತೆಳ್ಳಗೆ ಬೇಗ ಹರಡಿದ್ದರೆ ಪೆಟ್ರೋಲು ಇಳಿದು ಎಣ್ಣೆಗೆ ಬೆರೆಯುತ್ತಿದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತೊಟ್ಟು ಹಾಕಿ ತಿಕ್ಕಿದಾಗ ಗೊರಗೊರ ಅಂದರೆ ಧೂಳು. ಆಮೇಲೆ ಮೂಸುತ್ತಿದ್ದರು. ಸೀದ ವಾಸನೆ ಬಂದರೆ ಮುಖ ಗಂಟಿಕ್ಕುತ್ತಿತ್ತು. ವಾಹನದ ಮಾಲೀಕ ಎದುರಿಗೇ ಇದ್ದರೂ ಅವನನ್ನು ಮಾತಾಡಿಸುವುದಕ್ಕೆ ಮೊದಲು ಅವನ ಎಣ್ಣೆಯನ್ನು ಮಾತಾಡಿಸಬೇಕು.

"ಮನ್ಸ ಸುಳ್ಳು ಯೋಳ್ತಾನೆ ಕಣ್ಲಾ. ಸ್ಪೀಡಾಗಿ ಓಡ್ಸ್ನಿಲ್ಲ ಅಂತಾನೆ, ಎಣ್ಣೆ ಮೊನ್ನೆ ತಾನೆ ಬದ್ಲಾಯಿಸ್ದೆ ಅಂತಾನೆ. ಇಳ್ಸಿದ್ ಎಣ್ಣೆಗೆ ಬಾಯಿಲ್ಲ, ಅದಕ್ಕೇ ಸುಳ್ಳೂ ಇಲ್ಲ" ಎಂದು ನನಗೆ ಹೇಳಿದರು. ನಾನಾಗ ಇಪ್ಪತ್ತರ ಪ್ರಾಯದವನು. ಮುದುಕರ ಹಾಗೆ ಮಾತಾಡುತ್ತಾರಲ್ಲ ಎನಿಸಿತು. ಅವರಿಗೂ ಮೂವತ್ತೈದು ದಾಟಿರಲಿಲ್ಲ.

ಅವರದು ಇನ್ನೊಂದು ಪದ್ಧತಿಯಿತ್ತು. ಯಾರೇ ಬರಲಿ, ವಾಹನದ ಕೆಳಗೆ ಮಲಗಿದ್ದರೆ ಮೇಲೇಳುತ್ತಿರಲಿಲ್ಲ. ಮಾತಾಡಬೇಕಾದವರು ಬಗ್ಗಬೇಕು. ಸಾಹುಕಾರರು ಪಂಚೆ ಎತ್ತಿ ಕಟ್ಟಿ ಬಗ್ಗುತ್ತಿದ್ದರು, ಕೋಟು ಹಾಕಿದವರು ಟೋಪಿ ಹಿಡಿದುಕೊಂಡು ಬಗ್ಗುತ್ತಿದ್ದರು. ಒಮ್ಮೆ ಒಬ್ಬ ಅಮಲ್ದಾರರ ಕಾರು ಬಂತು. ಎಣ್ಣೆ ಬದಲಾಯಿಸಿ ಕಳಿಸು ಎಂದಿದ್ದರು, ಅಷ್ಟೇ. ಮೇಸ್ತ್ರಿ ಎಣ್ಣೆ ಇಳಿಸಿ ನೋಡಿ ಹೊಸ ಎಣ್ಣೆ ಹಾಕದೆ ಕಾರಿನ ಕೆಳಗೇ ಉಳಿದುಬಿಟ್ಟರು. ಅಮಲ್ದಾರರೇ ನಡೆದುಕೊಂಡು ಬಂದರು.

"ಯಾಕಯ್ಯಾ ಇನ್ನೂ ಆಗಲಿಲ್ಲ?"

"ಪಿಸ್ಟನ್ ರಿಂಗು ಮುರ್ದದೆ ಸ್ವಾಮಿ. ಬಿಚ್ಬೇಕು."

"ನಿನಗೆ ಎಣ್ಣೆ ಬದಲಾಯಿಸು ಅಂದೆನೋ, ರಿಂಗು ನೋಡು ಅಂದೆನೋ?"

ಮೇಸ್ತ್ರಿ ಕೆಳಗಿನಿಂದಲೇ ಹೇಳಿದರು: "ನೀವು ತಾಲ್ಲೂಕಿಗೆ ಅಮಲ್ದಾರ್ರು ಸ್ವಾಮಿ. ರಿಂಗಿಗೆ ಅದು ಗೊತ್ತಿಲ್ಲ."

ಪಾಪ, ಅಮಲ್ದಾರರೂ ಬಗ್ಗಿದರು. ಇಂಜಿನ್ನು ಬಿಚ್ಚಿದಾಗ ರಿಂಗು ಎರಡು ತುಂಡಾಗಿತ್ತು. ಇನ್ನೊಂದು ವಾರ ಓಡಿಸಿದ್ದರೆ ಸಿಲಿಂಡರನ್ನೇ ಗೀರಿ ಹಾಕುತ್ತಿತ್ತು.

ರಿಂಗು ಮುರಿದದ್ದು ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಸೂಜಿಗಲ್ಲಿನ ಕಥೆ ಹೇಳಬೇಕಾಗುತ್ತದೆ. ಇಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಳ್ಳುವ ತೊಟ್ಟಿ ಇರುತ್ತದೆ. ಅದರ ಅಡಿಯಲ್ಲಿ ಎಣ್ಣೆ ಇಳಿಸುವುದಕ್ಕೆ ಒಂದು ದಪ್ಪ ತಿರುಪು. ಡ್ರೈನ್ ಪ್ಲಗ್ಗು ಅನ್ನುತ್ತೇವೆ. ಎಲ್ಲರಿಗೂ ಅದು ಬರೀ ಬಿರಡೆ. ಮೇಸ್ತ್ರಿ ಮಾತ್ರ ಇಂಜಿನ್ನಿಗೆ ಕಿಡಿ ಕೊಡುವ, ಕೆಟ್ಟುಹೋದ ಹಳೇ ಮ್ಯಾಗ್ನೆಟೋಗಳಿಂದ ಸೂಜಿಗಲ್ಲಿನ ತುಂಡು ತೆಗೆದು, ಈ ಪ್ಲಗ್ಗಿಗೆ ತೂತು ಕೊರೆದು, ಒಳಮುಖವಾಗಿ ಕೂರಿಸುತ್ತಿದ್ದರು. ಆ ಅಮಲ್ದಾರರ ಕಾರಿಗೂ ಮೊದಲೇ ಕೂರಿಸಿದ್ದರು. ಇಂಜಿನ್ನಿನೊಳಗೆ ಎಲ್ಲೇ ಕಬ್ಬಿಣ ಸವೆದರೂ ಚೂರು ಎಣ್ಣೆಯ ಜೊತೆ ಇಳಿದು ಬಂದು ಈ ಕಲ್ಲಿಗೆ ಅಂಟಿಕೊಳ್ಳಬೇಕು. ಬೇರೆ ಎಲ್ಲಾದರೂ ಇಂಥದ್ದನ್ನು ಮಾಡುತ್ತಿದ್ದರೋ ಏನೋ ನನಗೆ ತಿಳಿಯದು. ನಮ್ಮ ಕಡೆ ಮೊದಲು ಮಾಡಿದವರು ಇವರೇ. ಜನ ನಕ್ಕರು. ಗೌಡರಂತೂ, "ಏನ್ಲಾ ಇದು, ಬಸ್ಸಿಗೆ ತಾಯ್ತ ಕಟ್ತಿದ್ದೀಯಾ?" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಮೇಸ್ತ್ರಿ ಅದಕ್ಕೆಲ್ಲ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ತಿಂಗಳಿಗೊಮ್ಮೆ ಪ್ಲಗ್ಗು ಬಿಚ್ಚಿ ನಮ್ಮ ಬೆರಳು ಹಿಡಿದು ಅದರ ಮೇಲೆ ಒತ್ತಿಸುತ್ತಿದ್ದರು. ಸಾಮಾನ್ಯವಾಗಿ ಬೂದುಬಣ್ಣದ ನುಣುಪಾದ ಕೆಸರು ಕೂತಿರುತ್ತಿತ್ತು, ರಾಗಿಹಿಟ್ಟನ್ನು ಎಣ್ಣೆಯಲ್ಲಿ ಕಲಸಿದ ಹಾಗೆ. ಅದು ದಿನದಿನದ ಸವೆತ, ಹೆದರಬೇಕಾದ್ದಿಲ್ಲ. ಬೆರಳಿಗೆ ಚುಚ್ಚುವ ಹರಳು ಸಿಕ್ಕಿದರೆ ಮಾತ್ರ ಒಳಗೆ ಏನೋ ಮುರಿದಿದೆ. "ಹಿಟ್ಟು ಬಂದ್ರೆ ಓಡ್ಸು, ನುಚ್ಚು ಬಂದ್ರೆ ಬಿಚ್ಚು" ಎಂಬುದು ಅವರೇ ಕಟ್ಟಿದ ಮಾತು. ಅಕ್ಷರ ಬಾರದ ಕ್ಲೀನರುಗಳಿಗೂ ಅದು ಬಾಯಿಪಾಠವಾಗಿತ್ತು. ಬೀಸುವ ಕಲ್ಲಿನ ಮುಂದೆ ಬೆಳೆದ ನಮಗೆ ಹಿಟ್ಟಿಗೂ ನುಚ್ಚಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಮಾತನ್ನು ಅವರು ಯಾರಿಗೂ ಸಡಿಲ ಮಾಡಲಿಲ್ಲ. ಸ್ವಾತಂತ್ರ್ಯ ಬಂದ ದಿನ ಮದ್ದೂರಿನಲ್ಲಿ ಮೆರವಣಿಗೆ. ಆ ಹೊತ್ತಿಗೆ ಮೇಸ್ತ್ರಿ ಮಳವಳ್ಳಿ ಬಿಟ್ಟು ಮದ್ದೂರಿಗೆ ಬಂದಿದ್ದರು. ಯಾಕೆ ಬಂದರು ಎಂಬುದೇ ನಾನು ಹೇಳಹೊರಟಿರುವ ವಿಷಯ. ಲಾರಿಯೊಂದಕ್ಕೆ ಮಾವಿನ ಸೊಪ್ಪು, ಬಾವುಟ ಎಲ್ಲ ಕಟ್ಟಿ ಆಗಿತ್ತು. ಹಿಂದಿನ ದಿನ ಗೇರ್ ಬಾಕ್ಸಿನ ಪ್ಲಗ್ಗಿನಲ್ಲಿ ನುಚ್ಚು ಸಿಕ್ಕಿದೆ, ಹಲ್ಲು ಮುರಿದಿದೆ, ಸ್ಟಾರ್ಟ್ ಮಾಡಕೂಡದು ಎಂದು ಮೇಸ್ತ್ರಿ ಅಡ್ಡ ನಿಂತರು. ಜೈಲಿಗೆ ಹೋಗಿ ಬಂದ ಮುಖಂಡರೇ ಬಂದು, "ಇವತ್ತೊಂದಿನ ಬುಡು ಮೇಸ್ತ್ರಿ, ದೇಶಕ್ಕೆ ಸ್ವಾತಂತ್ರ್ಯ ಬಂದದೆ" ಎಂದರು. "ಬಂದದೆ, ಸಂತೋಸ. ಗೇರ್ ಹಲ್ಲಿಗೆ ಬಂದಿಲ್ವಲ್ಲ" ಎಂದು ಇವರು ಕೀ ಜೇಬಿಗೆ ಹಾಕಿಕೊಂಡರು. ಮೆರವಣಿಗೆ ಕಾಲ್ನಡಿಗೆಯಲ್ಲೇ ಹೊರಟಿತು. ಮೇಸ್ತ್ರಿಯೂ ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಾ ನಡೆದರು. ಅವರನ್ನು ದೇಶದ್ರೋಹಿ ಎಂದು ಬೈಯಲು ಸಿದ್ಧವಾಗಿದ್ದವರಿಗೆ ಪೇಚಾಯಿತು.

ಈಗ ನನ್ನ ಕಥೆಗೆ ಬರುತ್ತೇನೆ.

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ನು ಬಂದು ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿಗೆ ತಿರುಗಿಕೊಂಡವು. ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ಒಂದು ಡಬ್ಬ, ಅದರೊಳಗೆ ಇದ್ದಿಲು ಉರಿಯಬೇಕು, ಆ ಗ್ಯಾಸಿನಲ್ಲಿ ಇಂಜಿನ್ನು ಓಡಬೇಕು. ಹೊರಡುವ ಮುಂಚೆ ಅರ್ಧ ಗಂಟೆ ಕೈಯಲ್ಲಿ ಗಾಳಿಚಕ್ರ ತಿರುಗಿಸಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಪ್ರಯಾಣ ಮುಗಿಯುವಷ್ಟರಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ. ಇದರ ಮೇಲೆ ಇಂಜಿನ್ ಎಣ್ಣೆಯ ಅಭಾವ ಬೇರೆ. ಇದ್ದ ಎಣ್ಣೆಯೊಳಗೆ ಬೂದಿ ಇಳಿದು ಅದು ಬೇಗ ಕೆಡುತ್ತಿತ್ತು. ಬದಲಾಯಿಸೋಣವೆಂದರೆ ಹೊಸದು ಸಿಗದು.

ನಮ್ಮ ಬಸ್ಸಿಗೆ ಎಣ್ಣೆ ಹಾಕುತ್ತಿದ್ದವರು ಗೌಡರೇ. ಡಬ್ಬ ಅವರ ಮನೆಯೊಳಗೆ ಬೀಗದಲ್ಲಿ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರೇ ನಿಂತು ಸುರಿಸಿ ಆಗಿರುತ್ತಿತ್ತು. ಮೇಸ್ತ್ರಿ ಮೂರು ಸಲ ಹೇಳಿ ಕಳಿಸಿದ್ದರು, ಪ್ಲಗ್ಗು ಬಿಚ್ಚಿ ನೋಡಬೇಕು, ಬಸ್ಸು ತನ್ನಿ ಎಂದು. ಗೌಡರು ಕಳಿಸಲಿಲ್ಲ. "ಇಳ್ಸಿದ್ರೆ ಹಾಕಕ್ಕೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ನನ್ನನ್ನೇ ಗದರಿದರು.

ಒಂದು ದಿನ ಬೆಳಿಗ್ಗೆ ಮಳವಳ್ಳಿಯಿಂದ ಹೊರಟು ಮದ್ದೂರು ದಾಟಿದೆವು. ಗೆಜ್ಜಲಗೆರೆಯ ಹತ್ತಿರ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗೆ ಬಿದ್ದುಬಿಟ್ಟಿತು. ಬೆರಳಿನಿಂದ ಗಾಜಿನ ಮೇಲೆ ಕುಟ್ಟಿದೆ. ಏಳಲಿಲ್ಲ. ನಿಲ್ಲಿಸಬೇಕು ಎಂದು ನನಗೆ ಗೊತ್ತಿತ್ತು; ಮೇಸ್ತ್ರಿಯೇ ನೂರು ಸಲ ಹೇಳಿದ್ದರು. ಆದರೆ ಬಸ್ಸಿನ ತುಂಬ ಮಂಡ್ಯದ ಕೋರ್ಟಿಗೆ ಹೋಗುವ ಜನ. ಹಿಂದಿನ ವಾರ ತಡವಾಯಿತೆಂದು ಗೌಡರು ಎಲ್ಲರೆದುರು ನನ್ನ ಮಾನ ತೆಗೆದಿದ್ದರು. ಮುಳ್ಳೇ ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಆಕ್ಸಿಲರೇಟರ್ ಒತ್ತಿದೆ. ಹನಕೆರೆಯ ಹತ್ತಿರ ಇಂಜಿನ್ನು ಲಟಲಟ ಬಡಿದುಕೊಂಡು, ಒಂದು ಸಲ ಕಿರುಚಿ, ನಿಂತೇ ಹೋಯಿತು. ಜನ ನನ್ನನ್ನು ಬಾಯಿಗೆ ಬಂದಂತೆ ಬೈದುಕೊಂಡು ರೈಲ್ವೆ ಸ್ಟೇಷನ್ನಿನ ಕಡೆ ನಡೆದರು. ನಾನು ರಸ್ತೆಯ ಪಕ್ಕ ಕೂತೆ.

ಸುದ್ದಿ ಮುಟ್ಟಿ ಮಧ್ಯಾಹ್ನದ ಹೊತ್ತಿಗೆ ಗೌಡರು ಕಾರಿನಲ್ಲಿ ಬಂದರು, ಹಿಂದಿನ ಸೀಟಿನಲ್ಲಿ ಮೇಸ್ತ್ರಿ. ಗೌಡರು ಬಸ್ಸನ್ನೂ ನೋಡಲಿಲ್ಲ, ಇಂಜಿನ್ನನ್ನೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು, "ಎಲ್ಲಿ ಇಳಿಸ್ದೆ ಎಣ್ಣೇನ? ಯಾರಿಗ್ ಮಾರ್ದೆ?" ಎಂದರು.

ಆಗಿನ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದಾರಿಯಲ್ಲಿ ಪ್ಲಗ್ಗು ಬಿಚ್ಚಿ ಎಣ್ಣೆ ಕದ್ದು ಮಾರುವ ಡ್ರೈವರುಗಳು ಇದ್ದದ್ದು ನಿಜ. ಒಮ್ಮೆ ಆ ಹೆಸರು ಅಂಟಿತೆಂದರೆ ಮೂರು ತಾಲ್ಲೂಕಿನಲ್ಲಿ ಯಾವ ಮಾಲೀಕನೂ ಸ್ಟೇರಿಂಗು ಮುಟ್ಟಿಸುವುದಿಲ್ಲ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. "ನಾನು ಮುಟ್ಟಿಲ್ಲ ಗೌಡ್ರೇ, ಮುಳ್ಳೂ ಸರಿಯಾಗೇ ಇತ್ತು" ಎಂದೆ. ಮೊದಲನೆಯದು ಸತ್ಯ, ಎರಡನೆಯದು ಸುಳ್ಳು.

ಮೇಸ್ತ್ರಿ ಇದಾವುದನ್ನೂ ಕೇಳಿಸಿಕೊಳ್ಳದವರ ಹಾಗೆ ಬಸ್ಸಿನ ಕೆಳಗೆ ನುಗ್ಗಿದರು. ಹನಕೆರೆಯ ನಾಲ್ಕು ಜನರನ್ನು ಕರೆದು ಸುತ್ತ ನಿಲ್ಲಿಸಿಕೊಂಡು ಪ್ಲಗ್ಗು ಬಿಚ್ಚಿದರು. ಎಣ್ಣೆಯನ್ನು ಪೂರ್ತಿ ಒಂದು ಡಬ್ಬಕ್ಕೆ ಹಿಡಿದರು. ಒಂದು ಸೀಸೆಯಷ್ಟು ತುಂಬಿ ಬಿರಡೆ ಹಾಕಿದರು. ಪ್ಲಗ್ಗನ್ನು ಒರೆಸದೆ ಹಾಗೇ ಬಾಳೆಲೆಯಲ್ಲಿ ಸುತ್ತಿದರು. ತೊಟ್ಟಿ ಬಿಚ್ಚಿ ಎಣ್ಣೆ ಸೋಸುವ ಜಾಲರಿಯನ್ನೂ ತೆಗೆದುಕೊಂಡರು. ಬಸ್ಸನ್ನು ಆರು ಎತ್ತು ಕಟ್ಟಿ ಸ್ಟೇಷನ್ನಿನ ಬಯಲಿಗೆ ಎಳೆಸಿದರು.

ಮೂರನೆಯ ದಿನ ಗೌಡರ ಮನೆಯ ಜಗಲಿಯಲ್ಲಿ ಊರಿನ ಹಿರಿಯರು ಸೇರಿದರು. ನನ್ನನ್ನು ಕಂಬದ ಪಕ್ಕ ನಿಲ್ಲಿಸಿದ್ದರು. ಗೌಡರು ಹೇಳುವುದನ್ನೆಲ್ಲ ಹೇಳಿದರು: ಎಣ್ಣೆ ಕದ್ದ, ಒಣ ಇಂಜಿನ್ನು ಓಡಿಸಿ ಸುಟ್ಟ, ಪೊಲೀಸಿಗೆ ಕೊಡದೆ ಬಿಟ್ಟಿರುವುದೇ ದೊಡ್ಡದು. ಆಮೇಲೆ, "ಯೋಳ್ಲಾ ಮೇಸ್ತ್ರಿ, ಬಿಚ್ಚಿ ನೋಡಿದ್ದೀಯಲ್ಲ" ಎಂದರು. ತಮ್ಮ ಜಾಗದಲ್ಲಿ ಇರುವವನು ತಮ್ಮ ಮಾತಿಗೆ ಹೂಂಗುಟ್ಟುತ್ತಾನೆ ಎಂಬ ಧೈರ್ಯ.

ಮೇಸ್ತ್ರಿ ಬಾಳೆಲೆ ಬಿಚ್ಚಿ ಪ್ಲಗ್ಗನ್ನು ಹಿರಿಯರ ಕೈಗೆ ಕೊಟ್ಟರು. "ಬೆಟ್ಟು ಮಡಗಿ ನೋಡಿ. ಹಿಟ್ಟೋ ನುಚ್ಚೋ?"

ಒಬ್ಬರಾದ ಮೇಲೊಬ್ಬರು ಮುಟ್ಟಿ ನೋಡಿದರು. "ಹಿಟ್ಟು" ಎಂದರು.

"ಎಣ್ಣೆ ಇಲ್ದೆ ಓಡಿಸಿದ್ರೆ ಪಿಸ್ಟನ್ನು, ರಿಂಗು ಎಲ್ಲಾ ಉಜ್ಜಿ ಈ ಕಲ್ಲಿನ ಮೇಲೆ ನುಚ್ಚು ಕೂತಿರ್ಬೇಕಾಗಿತ್ತು. ಇಲ್ಲ. ಎಣ್ಣೆ ತುಂಬ ಇತ್ತು, ಹನಕೆರೆ ಜನ ನೋಡವ್ರೆ. ಇದ್ದ ಎಣ್ಣೆ ಬೇರಿಂಗಿಗೆ ಅತ್ನಿಲ್ಲ. ಯಾಕೆ ಅಂದ್ರೆ ಇದು." ಜಾಲರಿಯನ್ನು ಎತ್ತಿ ತೋರಿಸಿದರು. ಹಲಸಿನ ಅಂಟಿನ ಹಾಗೆ ಕಪ್ಪು ಮೇಣ ಮೆತ್ತಿಕೊಂಡು ಒಂದು ಕಣ್ಣೂ ತೆರೆದಿರಲಿಲ್ಲ.

ಗೌಡರು ಅಷ್ಟಕ್ಕೇ ಬಿಡಲಿಲ್ಲ. "ಅಂಗಾದ್ರೆ ಒಳ್ಳೇದ್ನ ಮಾರ್ಕಂಡು ಇನ್ಯಾವ್ದೋ ಕೆಟ್ ಎಣ್ಣೆ ಸುರ್ದವ್ನೆ."

"ಅದ್ಕೇ ಸೀಸೆ ತಂದಿವ್ನಿ" ಎಂದರು ಮೇಸ್ತ್ರಿ.

ಮೂರು ದಿನ ಅಲುಗಾಡದೆ ನಿಂತ ಸೀಸೆಯಲ್ಲಿ ಎಣ್ಣೆ ಎರಡಾಗಿತ್ತು. ಮೇಲೆ ತೆಳುವಾದ ಕರೀ ಎಣ್ಣೆ, ತಳದಲ್ಲಿ ಮಂದವಾದ ಇನ್ನೊಂದು. ಮೇಲಿನದನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ, ತಳದ್ದನ್ನು ಒಂದು ಸೌಟಿಗೆ ಹಾಕಿ ಕೆಂಡದ ಮೇಲೆ ಹಿಡಿದರು. ಜಗಲಿಯ ತುಂಬ ವಾಸನೆ ಎದ್ದಿತು. ನಡುಮನೆಯ ಬಾಗಿಲಲ್ಲಿ ಗೌಡರ ತಾಯಿ ಕೂತಿದ್ದರು, ಎಂಬತ್ತರ ಹತ್ತಿರದ ಮುದುಕಿ. ಕಣ್ಣು ಮಂಜು, ಮೂಗು ಚುರುಕು. ಮೇಸ್ತ್ರಿ ಸೌಟನ್ನು ಅವರ ಮುಂದೆ ಹಿಡಿದರು.

"ಅವ್ವಾ, ವಸಿ ಮೂಸಿ ಯೋಳಿ. ಇದೇನು?"

"ಅಳ್ಳೆಣ್ಣೆ ಕಣಪ್ಪ" ಎಂದಿತು ಮುದುಕಿ. ಹರಳೆಣ್ಣೆ. ಇನ್ನೊಂದು ಸಲ ಮೂಸಿ ನೋಡಿತು. "ನಮ್ಮನೇದೇ. ಈ ಸಲ ಬೀಜ ಉರಿವಾಗ ಸೀದೋಯ್ತು, ಅದೇ ಕಮಟು. ನನ್ ಕೈ ಎಣ್ಣೆ ನಂಗೊತ್ತಾಗಕಿಲ್ವಾ?" ಆಮೇಲೆ ಮಗನ ಕಡೆ ತಿರುಗಿ, "ಬಸ್ಸಿಗೆ ಅಂತ ನೀನೇ ಅಲ್ವಾ ಮಗ ತಂಬಿಗೇಲಿ ಬಗ್ಗಿಸ್ಕಂಡ್ ಓಯ್ತಿದ್ದಿದ್ದು" ಎಂದಿತು.

ವಿಷಯ ಎಲ್ಲರಿಗೂ ತಿಳಿದುಹೋಯಿತು. ಸಿಕ್ಕ ಅಲ್ಪಸ್ವಲ್ಪ ಒಳ್ಳೆಯ ಎಣ್ಣೆಯನ್ನು ಗೌಡರು ತಮ್ಮ ಕಾರಿಗೆ ಹಾಕಿಕೊಂಡು, ಬಸ್ಸಿಗೆ ಮನೆಯ ಹರಳೆಣ್ಣೆ ಬೆರೆಸಿದ್ದರು. ಗಾಡಿ ಇಟ್ಟ ಮನೆತನ ಅದು. ಕೀಲಿಗೆ ತಲೆತಲಾಂತರದಿಂದ ಹರಳೆಣ್ಣೆಯನ್ನೇ ಹಾಕಿ ರೂಢಿ. ಆ ಎಣ್ಣೆ ಈ ಎಣ್ಣೆ ಕೂಡುವುದಿಲ್ಲ, ಕಾದು ಕಾದು ಬೂದಿಯ ಜೊತೆ ಸೇರಿ ಅಂಟಾಗುತ್ತದೆ ಎಂದು ಅವರಿಗೆ ಹೇಗೆ ತಿಳಿಯಬೇಕು.

"ಗಾಡಿ ಕೀಲಿಗೆ ಆಯ್ತದೆ, ಮೋಟ್ರಿಗೆ ಆಗಕಿಲ್ಲ ಅಂತ ಯಾರ್ ಕಂಡಿದ್ರು?" ಎಂದರು ಗೌಡರು.

"ಗೊತ್ತಿಲ್ದಿದ್ದು ತಪ್ಪಲ್ಲ ಗೌಡ್ರೇ. ನನ್ನ ಕೇಳ್ನಿಲ್ಲ, ಅದನ್ನೂ ಬುಡಿ. ಹಾಕಿದ್ದು ನೀವೇ ಅಂತ ಗೊತ್ತಿದ್ದೂ ಇವನ್ನ ಕಳ್ಳ ಅಂದ್ರಲ್ಲ, ಅದು ತಪ್ಪು."

ಗೌಡರು ಏಳಹೊರಟರು. "ಆಯ್ತು ಬುಡ್ಲಾ. ನಾಳೆಯಿಂದ ಬತ್ತಾನೆ ಕೆಲ್ಸಕ್ಕೆ. ಮುಗೀತು."

ನನಗೆ ಅಷ್ಟೇ ಸಾಕಾಗಿತ್ತು. ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದೆ. ಮೇಸ್ತ್ರಿ ಕೈ ಅಡ್ಡ ಇಟ್ಟರು. "ಮುಗೀನಿಲ್ಲ. ಕಳ್ಳ ಅಂದಿದ್ದು ಹತ್ತು ಜನದ ಮುಂದೆ. ಅಲ್ಲ ಅನ್ನೋದೂ ಹತ್ತು ಜನದ ಮುಂದೆ ಆಗ್ಲಿ."

"ನೀನು ಶೆಡ್ಡು ಆಕಿರೋ ಜಾಗ ಯಾರ್ದು, ಗ್ಯಾನ ಅದಾ?"

"ಅದೆ. ಜಾಗ ನಿಮ್ದು. ಸೂಜಿಗಲ್ಲು ನಂದು."

ಹೀಗೆ ಬಿಗಿದುಕೊಂಡಾಗ ಹಿರಿಯರಲ್ಲೊಬ್ಬರು ರಾಜಿ ಮಾಡಿಸುವವರಂತೆ, "ಹೋಗ್ಲಿ ಮೇಸ್ತ್ರಿ, ಡ್ರೈವರ್‌ದು ಏನೇನೂ ತಪ್ಪಿಲ್ವಾ?" ಎಂದರು.

"ಇಲ್ಲ ಅಂದ್ನಾ?" ಎಂದು ಮೇಸ್ತ್ರಿ ನನ್ನ ಕಡೆ ತಿರುಗಿದರು. ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಬೆಳ್ಳಗೆ ಮಿರುಗುವ ಪುಡಿ ಒಂದು ಹಿಡಿಯಷ್ಟಿತ್ತು. ತೊಟ್ಟಿಯ ತಳದಿಂದ ಬಳಿದು ತಂದದ್ದು; ಸೂಜಿಗಲ್ಲಿಗೆ ಅಂಟದ ಲೋಹ ಅದು, ಬೇರಿಂಗಿನೊಳಗಿನದು. "ಇಷ್ಟು ಕರಗ್ಬೇಕಾದ್ರೆ ಒಂದ್ ಫರ್ಲಾಂಗು ಸಾಲಕಿಲ್ಲ ಕಣ್ಲಾ. ಮುಳ್ಳು ಎಲ್ಲಿ ಬಿತ್ತು?"

"ಬೀಳ್ನಿಲ್ಲ."

"ಎಲ್ಲಿ ಬಿತ್ತು ಅಂದೆ."

ನಾನು ತಲೆ ತಗ್ಗಿಸಿದೆ. "ಗೆಜ್ಜಲಗೆರೇಲಿ."

"ಅಲ್ಲೇ ನಿಲ್ಲಿಸಿದ್ರೆ ಜಾಲರಿ ತೊಳ್ದು ಮುಗಿಸ್ತಿದ್ದೆ. ನೋಡ್ಕಂಡೂ ಓಡ್ಸ್ದೆ" ಎಂದು ಹಿರಿಯರ ಕಡೆ ತಿರುಗಿದರು. "ಇವ್ನು ಕಳ್ಳ ಅಲ್ಲ. ಆವತ್ತಿನ ಮಟ್ಟಿಗೆ ಕೆಟ್ಟ ಡ್ರೈವರು. ಎಲ್ಡೂ ಬರ್ಕಳಿ."

ಗೌಡರಿಗೆ ಬೇಕಾದ್ದು ಸಿಕ್ಕಿತು. ಕೇಳಿದಿರಾ, ಕೆಡಿಸಿದವನು ಇವನೇ ಎಂದು ನನ್ನನ್ನು ಕೆಲಸದಿಂದ ತೆಗೆದರು. ಕಳ್ಳನಲ್ಲ ಎಂಬ ಮಾತು ಅವರ ಬಾಯಿಂದ ಕೊನೆಗೂ ಬರಲಿಲ್ಲ. ಮೇಸ್ತ್ರಿಗೆ ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದರು. ಮೇಸ್ತ್ರಿ ಸಂಜೆಯವರೆಗೆ ಕಾಯಲಿಲ್ಲ. ತಗಡು ಬಿಚ್ಚಿ, ಸಾಮಾನು, ಎಣ್ಣೆಯ ಕಾಗದಗಳ ಹಗ್ಗ ಎಲ್ಲವನ್ನೂ ಬಾಡಿಗೆ ಗಾಡಿಗೆ ಹೇರಿ ಮದ್ದೂರಿನ ದಾರಿ ಹಿಡಿದರು.

ನಾನು ಗಾಡಿಯ ಹಿಂದೆಯೇ ಹೋಗಿ ಅಡ್ಡಗಟ್ಟಿದೆ. ಗೆದ್ದ ವ್ಯಾಜ್ಯವನ್ನು ಕೈಯಾರೆ ಸೋಲಿಸಿದರಲ್ಲ.

"ಆ ಕೊನೇ ಮಾತು ಯಾಕೆ ಆಡಿದ್ರಿ ಮೇಸ್ತ್ರಿ? ಸುಮ್ನಿದ್ದಿದ್ರೆ ನನ್ ಕೆಲ್ಸ ಉಳೀತಿತ್ತು. ನಿಮ್ ಶೆಡ್ಡೂ ಉಳೀತಿತ್ತೇನೋ."

"ಕೇಳಿದ್ರು, ಯೋಳ್ದೆ" ಎಂದರು. ಗಾಡಿಯವನಿಗೆ ಹೊಡಿ ಎಂದು ಸನ್ನೆ ಮಾಡಿದರು. ಅಷ್ಟೇ. ಒಂದು ಸಮಾಧಾನದ ಮಾತಿಲ್ಲ, ನೋಡೋಣ ಬಾ ಎಂಬುದಿಲ್ಲ. ಆವತ್ತು ನಾನು ಅವರನ್ನು ಶಪಿಸಿದಷ್ಟು ಗೌಡರನ್ನೂ ಶಪಿಸಲಿಲ್ಲ.

ಆಮೇಲೆ ಮೂರು ವಾರ ಅಲೆದೆ. ಮದ್ದೂರಿನಲ್ಲಿ ಕೇಳಿದೆ, ಮಳವಳ್ಳಿಯ ಇನ್ನೊಬ್ಬ ಮಾಲೀಕರನ್ನು ಕೇಳಿದೆ. ಎಣ್ಣೆ ಮಾರಿದವನು ನೀನೇ ಅಲ್ವಾ ಎಂದು ಮುಖಕ್ಕೇ ಹೇಳಿದರು. ಗೌಡರ ಮಾತು ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಕೊನೆಗೆ ಮಂಡ್ಯದಲ್ಲಿ ಎರಡು ಬಸ್ಸು ಇಟ್ಟುಕೊಂಡಿದ್ದ ಒಬ್ಬರ ಮನೆಗೆ ಹೋದೆ. ಮೇಷ್ಟರ ಕೆಲಸ ಬಿಟ್ಟು ಬಸ್ಸಿಗೆ ಇಳಿದಿದ್ದವರು. ಅವರು ನನ್ನನ್ನು ಕೂರಿಸದೆ ನಿಲ್ಲಿಸಿಯೇ ಮಾತಾಡಿದರು.

"ಮಳವಳ್ಳಿ ಪಂಚಾಯ್ತಿ ವಿಷಯ ಅರ್ಧಂಬರ್ಧ ಕೇಳಿದ್ದೀನಿ. ಆ ಮೇಸ್ತ್ರಿ ನಿನ್ನ ಪರವಾಗಿ ನಿಂತನಂತೆ. ನಿನಗೇನು ಸಂಬಂಧಿಕನೋ?"

"ಅಲ್ಲ ಸ್ವಾಮಿ."

"ಸ್ನೇಹಿತರನ್ನ ಉಳಿಸೋಕೆ ಜನ ಏನು ಬೇಕಾದರೂ ಹೇಳ್ತಾರಪ್ಪ. ಅವನು ಏನಂದ, ನೀನೇ ಹೇಳು."

ನನಗೆ ಸಾಕಾಗಿಹೋಗಿತ್ತು. ಸುಳ್ಳು ಕಟ್ಟುವ ತ್ರಾಣವೂ ಉಳಿದಿರಲಿಲ್ಲ. ಈ ಕೆಲಸವೂ ಹೋದರೆ ಹೋಗಲಿ ಎಂದು ಮೊಂಡು ಬಿದ್ದು ಎಲ್ಲವನ್ನೂ ಹೇಳಿಬಿಟ್ಟೆ. "ಕಳ್ಳ ಅಲ್ಲ ಅಂದ್ರು. ಗೆಜ್ಜಲಗೆರೇಲಿ ಮುಳ್ಳು ಬಿದ್ದಿದ್ದು ನೋಡ್ಕಂಡೂ ನಿಲ್ಲಿಸ್ದೆ ಓಡ್ಸ್ದ, ಕೆಟ್ಟ ಡ್ರೈವರು ಅಂತಾನೂ ಅಂದ್ರು. ಎಲ್ಡೂ ನಿಜ ಸ್ವಾಮಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆ ಎರಡನೇ ಮಾತು ನನ್ನ ತನಕ ಬಂದಿರಲಿಲ್ಲ. ನಿನ್ನನ್ನೂ ಬಿಡಲಿಲ್ಲ ಅಂದಮೇಲೆ ಅವನು ನಿನ್ನ ಕಡೆಯವನಲ್ಲ. ಅಲ್ಲ ಅಂದಮೇಲೆ, ಕಳ್ಳ ಅಲ್ಲ ಅಂದದ್ದನ್ನ ನಾನು ನಂಬಲೇಬೇಕಾಯ್ತಲ್ಲಪ್ಪ."

ನಾನು ಅಲ್ಲೇ, ಅವರ ಬಾಗಿಲಲ್ಲೇ, ಅತ್ತುಬಿಟ್ಟೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಅವರು ಒಳಗೆ ಹೋಗಿ ಬಸ್ಸಿನ ಕೀ ತಂದು ನನ್ನ ಕೈಗೆ ಹಾಕಿದರು. ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಮಂಡ್ಯದಿಂದ ಆ ಬಸ್ಸು ಹೊರಟಾಗ ಸ್ಟೇರಿಂಗಿನ ಹಿಂದೆ ನಾನು ಕೂತಿದ್ದೆ.